ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ತಲುಪಿಲ್ಲವೆಂದು ಉಪಗ್ರಹ ಚಿತ್ರದಿಂದ ತೋರಿಸಬಹುದೇ?

ಪ್ರಶ್ನೆ: ನಾವು ಹರಿಹರ ತಾಲ್ಲೂಕಿನವರು. ನಮ್ಮ ಗದ್ದೆಗಳು ಭದ್ರಾ ಬಲದಂಡೆಯ ಮಲೇಬೆನ್ನೂರು ಶಾಖಾ ನಾಲೆಗೆ ಸೇರಿದ ಒಂದು ಉಪನಾಲೆಯ ಕೊನೆಯಲ್ಲಿವೆ. ಬೇಸಿಗೆ ಭತ್ತಕ್ಕೆ ನೀರು ಬಿಟ್ಟಾಗ ಅದು ನಮ್ಮ ತೂಬಿಗೆ ಬರುವ ಹೊತ್ತಿಗೆ ಮೇಲಿನವರ ನಾಟಿ ಮುಗಿದು ಎರಡು-ಮೂರು ವಾರ ಆಗಿರುತ್ತದೆ. ನಮ್ಮ ಪೈರು ಹೊಡೆಗೆ ಬರುವಾಗ ನೀರು ನಿಂತುಹೋಗುತ್ತದೆ. ಮೇಲ್ಭಾಗದಲ್ಲಿ ಅಡಿಕೆ ತೋಟ ವರ್ಷ ವರ್ಷ ಹೆಚ್ಚುತ್ತಿದೆ, ನಾಲೆಗೇ ಪೈಪ್ ಇಳಿಸಿ ಪಂಪ್‌ಸೆಟ್‌ನಿಂದ ನೀರೆತ್ತುತ್ತಾರೆ. ದೂರು ಕೊಟ್ಟರೆ ‘ಕೊನೆಯವರೆಗೂ ನೀರು ಹೋಗಿದೆ’ ಎಂಬ ಉತ್ತರ ಬರುತ್ತದೆ. ಈಗ ಒಬ್ಬರು ಬಂದು, ಯಾರು ಎಷ್ಟು ನೀರು ಬಳಸಿದರು ಎಂಬುದನ್ನು ಉಪಗ್ರಹದಿಂದ ಸರ್ವೆ ನಂಬರ್‌ವಾರು ತೆಗೆದುಕೊಡುತ್ತೇನೆ ಎನ್ನುತ್ತಿದ್ದಾರೆ. ನಮ್ಮ ನೀರು ಬಳಕೆದಾರರ ಸಹಕಾರ ಸಂಘ ಅದಕ್ಕೆ ದುಡ್ಡು ಹಾಕಬಹುದೇ? ಅದು ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೊನೆಭಾಗದ ಬೆಳೆಗೆ ನೀರು ಸಾಲದೆ ಹೋಯಿತೇ ಎಂಬುದು ಒಂದು. ಸಾಲದ್ದಕ್ಕೆ ಮೇಲಿನವರ ಬಳಕೆಯೇ ಕಾರಣವೇ ಎಂಬುದು ಇನ್ನೊಂದು. ಇಂಥ ಸರ್ವೆ ನಂಬರಿನವರು ಇಷ್ಟು ನೀರು ತೆಗೆದರು ಎಂದು ಬೆರಳು ತೋರಿಸಬಹುದೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ಉಪಗ್ರಹ ಚೆನ್ನಾಗಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನಾಲೆಯ ಗೇಜ್ ಪುಸ್ತಕ, ಎಂದರೆ ದಿನವೂ ಹರಿದ ನೀರನ್ನು ಬರೆದಿಡುವ ವಹಿ, ಜೊತೆಗಿದ್ದರೆ ಮಾತ್ರ ಕೊಡುತ್ತದೆ. ಮೂರನೆಯದಕ್ಕೆ ಕೊಡುವುದಿಲ್ಲ. ಕೊಡುತ್ತೇನೆ ಎನ್ನುವವರಿಗೆ ಸಂಘದ ದುಡ್ಡು ಕೊಡಬೇಡಿ.

ಏಕೆಂದರೆ ಉಪಗ್ರಹ ನಾಲೆಯ ನೀರನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ನೆಲದಿಂದ ಮರಳುವ ಬೆಳಕನ್ನು, ಶಾಖವನ್ನು, ರೇಡಾರ್ ಆಗಿದ್ದರೆ ತಾನೇ ಕಳಿಸಿದ ಅಲೆಯ ಮರುದನಿಯನ್ನು. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಲವಾಗಿ ಹಿಂದಿರುಗಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಎನ್‌ಡಿವಿಐ. ಹಸಿರು ಸೂಚ್ಯಂಕ ಎನ್ನಬಹುದು. ಆಗಷ್ಟೇ ನಾಟಿಯಾದ ಗದ್ದೆಯಲ್ಲಿ ಅದು 0.2ರ ಆಸುಪಾಸು, ಮೈತುಂಬಿದ ಭತ್ತದಲ್ಲಿ 0.7ರಿಂದ 0.85, ಕೊಯ್ಲಿಗೆ ಬಂದಾಗ ಮತ್ತೆ 0.4–0.5ಕ್ಕೆ ಇಳಿಯುತ್ತದೆ. ಇದರಿಂದ ಬೆಳೆಯ ಸ್ಥಿತಿ ತಿಳಿಯುತ್ತದೆ. ಆ ಬೆಳೆಗೆ ನೀರು ನಾಲೆಯಿಂದ ಬಂತೋ ಬೋರ್‌ವೆಲ್‌ನಿಂದ ಬಂತೋ ಹಳ್ಳಕ್ಕೆ ಮೋಟಾರು ಇಟ್ಟು ತಂದದ್ದೋ, ಈ ಸಂಖ್ಯೆಗೆ ಗೊತ್ತಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೊನೆಭಾಗದಲ್ಲಿ ಹಸಿರು ಕಂಡಿತೆಂದು ‘ನೀರು ಹೋಗಿದೆ’ ಎಂದು ವರದಿ ಬರೆಯುವುದೂ ತಪ್ಪು, ಮೇಲೆ ಹಸಿರಿದೆ ಎಂದು ‘ನೀರು ಕದ್ದರು’ ಎನ್ನುವುದೂ ತಪ್ಪು. ಸಾಲ ಮಾಡಿ ಬೋರ್ ಕೊರೆಸಿ ಪೈರು ಉಳಿಸಿಕೊಂಡ ಕೊನೆಭಾಗದ ರೈತನ ಗದ್ದೆಯೂ ಚಿತ್ರದಲ್ಲಿ ಹಸಿರಾಗಿಯೇ ಕಾಣುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ನಿಮ್ಮ ಕಡೆಯ ಬೋರ್‌ವೆಲ್ ಇರುವ ಗದ್ದೆಗಳ ಪಟ್ಟಿ ಮಾಡಿ ಬೇರೆ ಇಡಿ. ಅವನ್ನು ಸೇರಿಸಿ ಸರಾಸರಿ ತೆಗೆದರೆ ನಿಮ್ಮ ಲೆಕ್ಕವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ನೀವು ಕೇಳುತ್ತಿರುವುದು ಹೊಸ ವಿದ್ಯೆಯಲ್ಲ, ಅದೂ ನಿಮ್ಮ ಅಚ್ಚುಕಟ್ಟಿನಲ್ಲೇ ನಡೆದದ್ದು. 1980ರ ದಶಕದ ಕೊನೆಗೆ ವಿಶ್ವ ಬ್ಯಾಂಕ್ ನೆರವಿನ ರಾಷ್ಟ್ರೀಯ ನೀರು ನಿರ್ವಹಣಾ ಯೋಜನೆ ಭದ್ರಾಕ್ಕೆ ಬಂದಿತ್ತು. ಅದರಿಂದ ನಾಲೆಗಳ ಕೆಲಸ ಸುಧಾರಿಸಿತೇ ಎಂಬುದನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರಗಳಿಂದ ಪರಿಶೀಲಿಸಿತು. ಯೋಜನೆಗೆ ಮುಂಚಿನ ಮತ್ತು ನಂತರದ ವರ್ಷಗಳ ಬೇಸಿಗೆ ಹಂಗಾಮುಗಳನ್ನು ಹೋಲಿಸಿದ ಆ ಅಧ್ಯಯನವನ್ನು ಕೊಲಂಬೊದ ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಆಗ ನಮ್ಮ ದೇಶದ ಐಆರ್‌ಎಸ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ (ಪಿಕ್ಸೆಲ್) ಎಂದರೆ ಒಂದು ಬದಿಗೆ 36 ಅಥವಾ 72 ಮೀಟರ್, ಅದೇ ಜಾಗಕ್ಕೆ ಅದು ಮರಳುತ್ತಿದ್ದದ್ದು 22 ದಿನಕ್ಕೊಮ್ಮೆ. ಅಷ್ಟರಲ್ಲೇ ಭತ್ತದ ವಿಸ್ತೀರ್ಣ ತೆಗೆದು, ಬೆಳೆ ಕಟಾವು ಪ್ರಯೋಗದ ಇಳುವರಿಯನ್ನು ಹಸಿರು ಸೂಚ್ಯಂಕಕ್ಕೆ ಜೋಡಿಸಿ, ಮೇಲ್ಭಾಗ-ಕೊನೆಭಾಗದ ಅಂತರ ಕಡಿಮೆಯಾಗಿದೆ ಎಂದು ತೋರಿಸಿದರು. ಇನ್ನೂ ಹಿಂದುಳಿದಿರುವ ಉಪನಾಲೆಗಳನ್ನು ಗುರುತಿಸಲೂ ಅದು ನೆರವಾಯಿತು. ಅವರು ಲೆಕ್ಕ ಹಾಕಿದ್ದು ಉಪನಾಲೆಯ ಮಟ್ಟದಲ್ಲಿ ಎಂಬುದನ್ನು ಗಮನಿಸಿ. ಬಿಡಿ ರೈತನ ಗದ್ದೆಗೆ ಹೋಗಲಿಲ್ಲ. ನಾನು ನಿಮಗೆ ಹೇಳುವುದೂ ಅದೇ ಮಟ್ಟ: ಉಪನಾಲೆ, ಹೆಚ್ಚೆಂದರೆ ತೂಬು.

ಇವತ್ತು ನಿಮ್ಮ ಕೈಗೆ ಸಿಗುವ ಸಾಮಗ್ರಿ ಅದಕ್ಕಿಂತ ಬಹಳ ಉತ್ತಮ. ಯುರೋಪಿನ ಸೆಂಟಿನೆಲ್-2 ಚಿತ್ರಗಳು ಉಚಿತ, 10 ಮೀಟರ್ ಚುಕ್ಕೆ, ಮೋಡವಿಲ್ಲದಿದ್ದರೆ ಐದು ದಿನಕ್ಕೊಂದು. 2015ರಲ್ಲಿ ಮೊದಲ ಉಪಗ್ರಹ, 2017ರಲ್ಲಿ ಎರಡನೆಯದು ಹಾರಿದ್ದರಿಂದ, 2018ರಿಂದ ಈಚಿನ ಪ್ರತಿ ಬೇಸಿಗೆಯೂ ತುಂಬು ದಾಖಲೆಯಾಗಿ ಸಿಗುತ್ತದೆ. ಒಂದು ಎಕರೆಗೆ ಸುಮಾರು 40 ಚುಕ್ಕೆ ಬೀಳುತ್ತವೆ. ಅಂಚಿನ ಚುಕ್ಕೆಗಳಲ್ಲಿ ಬದು, ಪಕ್ಕದ ಗದ್ದೆ, ತೆಂಗಿನ ಸಾಲು ಬೆರೆತಿರುತ್ತವೆ. ಗದ್ದೆಯ ಗಡಿಯಿಂದ 10–15 ಮೀಟರ್ ಒಳಕ್ಕೆ ಸರಿದು ಎಣಿಸಬೇಕು. ಹಾಗೆ ಮಾಡಿದರೆ 20 ಗುಂಟೆಯ ಗದ್ದೆಯಲ್ಲಿ ನಂಬುವಂಥ ಚುಕ್ಕೆ ಬೆರಳೆಣಿಕೆಯಷ್ಟೇ ಉಳಿಯುತ್ತವೆ.

ಶಾಖ ಅಳೆಯುವ ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಮಾತು ಬೇರೆ. ಬೆಳೆ ಬೆವರಿದರೆ ಎಲೆ ತಂಪಾಗಿರುತ್ತದೆ, ನೀರು ಸಾಲದಿದ್ದರೆ ಎಲೆರಂಧ್ರ ಮುಚ್ಚಿ ಬಿಸಿಯಾಗುತ್ತದೆ. ಈ ಶಾಖದ ಲೆಕ್ಕದಿಂದಲೇ ಬೆಳೆ ಗಾಳಿಗೆ ಬಿಟ್ಟ ನೀರನ್ನು, ಎಂದರೆ ಬಾಷ್ಪವಿಸರ್ಜನೆಯನ್ನು, ಮಿಲಿಮೀಟರಿನಲ್ಲಿ ಅಂದಾಜಿಸುತ್ತಾರೆ. ‘ಯಾರು ಎಷ್ಟು ನೀರು ಬಳಸಿದರು’ ಎಂದು ಮಾರುವವರು ತೋರಿಸುವುದು ಈ ಬಣ್ಣದ ನಕ್ಷೆಯನ್ನೇ. ಆದರೆ ಆ ಶಾಖದ ಒಂದು ಚುಕ್ಕೆ 100 ಮೀಟರಿನದ್ದು, ಎಂದರೆ ಎರಡೂವರೆ ಎಕರೆ. ಅದನ್ನು 30 ಮೀಟರಿಗೆ ಒಡೆದು ಕೊಡುತ್ತಾರೆ, ನೋಡಲು ನುಣುಪಾಗಿರುತ್ತದೆ, ಒಳಗಿನ ಮಾಹಿತಿ ಹೆಚ್ಚುವುದಿಲ್ಲ. ಅಡಿಕೆ ತೋಟ, ಭತ್ತದ ಗದ್ದೆ, ಬೀಳು, ಮನೆ ಎಲ್ಲ ಒಂದೇ ಚುಕ್ಕೆಯಲ್ಲಿ ಬೆರೆತಿರುವಾಗ ಅದರಿಂದ ಒಂದು ಸರ್ವೆ ನಂಬರಿನ ನೀರು ತೆಗೆಯಲಾಗದು. ಒಂದು ದಿನದ, ಒಂದು ಗದ್ದೆಯ ಅಂದಾಜು ಶೇ 20–30ರಷ್ಟು ತಪ್ಪುವುದು ಸಾಮಾನ್ಯ. ಇಡೀ ಹಂಗಾಮು, ಇಡೀ ಉಪನಾಲೆ ಎಂದು ಕೂಡಿದಾಗ ಆ ತಪ್ಪು ಶೇ 10–15ಕ್ಕೆ ಇಳಿಯಬಹುದು. ಲೆಕ್ಕ ಉಪಯೋಗಕ್ಕೆ ಬರುವುದು ಅಲ್ಲಿ.

ದಿನಾಂಕ ಹಿಡಿದು ಹೋಲಿಸಬೇಡಿ, ನಾಟಿಯಿಂದ ಎಣಿಸಿ

ಉತ್ಸಾಹದಿಂದ ಕೆಲಸ ಶುರುಮಾಡಿದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಮಾರ್ಚ್ ಮೊದಲ ವಾರದ ಒಂದೇ ಒಂದು ಚಿತ್ರ ತೆಗೆದು, ಮೇಲ್ಭಾಗ 0.7, ಕೊನೆಭಾಗ 0.35, ನೋಡಿ ಅನ್ಯಾಯ ಎನ್ನುತ್ತಾರೆ. ಮೇಲಿನವರು ಜನವರಿ ನಡುವಿನಲ್ಲಿ ನಾಟಿ ಮಾಡಿದ್ದರೆ ಅವರ ಪೈರಿಗೆ ಆಗ 45–50 ದಿನ. ನಿಮ್ಮದು ಫೆಬ್ರುವರಿ ಎರಡನೇ ವಾರದ್ದಾದರೆ 20 ದಿನ. ಕಾಣುವ ವ್ಯತ್ಯಾಸದ ಬಹುಪಾಲು ವಯಸ್ಸಿನದ್ದು. ಎದುರಿನವರು ಈ ಒಂದು ಮಾತಿನಿಂದ ನಿಮ್ಮ ಇಡೀ ಅರ್ಜಿಯನ್ನು ಬದಿಗೆ ಸರಿಸಬಲ್ಲರು. ಇದರ ತಿರುವೂ ಇದೆ. ಏಪ್ರಿಲ್ ಕೊನೆಯ ಚಿತ್ರದಲ್ಲಿ ಮೇಲ್ಭಾಗ ಹಣ್ಣಾಗಿ 0.5ಕ್ಕೆ ಇಳಿದಿರುತ್ತದೆ, ನಿಮ್ಮದು ಇನ್ನೂ ಹಸಿರಾಗಿ 0.7ರಲ್ಲಿರಬಹುದು. ಅದೊಂದನ್ನೇ ಹಿಡಿದರೆ ಕೊನೆಭಾಗಕ್ಕೇ ನೀರು ಜಾಸ್ತಿ ಸಿಕ್ಕಿದೆ ಎಂದು ಯಾರಾದರೂ ವಾದಿಸಬಹುದು.

ಸರಿಯಾದ ದಾರಿ ಹೀಗೆ. ಪ್ರತಿ ಗದ್ದೆಗೂ ಡಿಸೆಂಬರ್‌ನಿಂದ ಮೇ ಕೊನೆಯವರೆಗಿನ ಎಲ್ಲ ಚಿತ್ರಗಳ ಸೂಚ್ಯಂಕವನ್ನು ಒಂದು ಗೆರೆಯಾಗಿ ಎಳೆಯಬೇಕು. ಕೆಸರು ಮಾಡಿ ನೀರು ನಿಲ್ಲಿಸಿದಾಗ ಹಸಿರು ತಳಮುಟ್ಟುತ್ತದೆ, ನೀರಿನ ಸೂಚ್ಯಂಕ (ನಿಂತ ನೀರನ್ನು ತೋರಿಸಲು ಅದೇ ಚಿತ್ರದಿಂದ ತೆಗೆಯುವ ಸಂಖ್ಯೆ) ಮೇಲೇಳುತ್ತದೆ. ಎರಡೂ ಒಟ್ಟಿಗೆ ಕಾಣುವ ದಿನವೇ ನಾಟಿಯ ದಿನ, ಐದು ದಿನ ಆಚೀಚೆ. ಆ ದಿನವನ್ನು ಸೊನ್ನೆ ಮಾಡಿ ಎಲ್ಲ ಗೆರೆಗಳನ್ನೂ ಒಂದೇ ಕಡೆ ತಂದು ನಿಲ್ಲಿಸಿ. ಈಗ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ಮೇಲ್ಭಾಗಕ್ಕೂ ಕೊನೆಭಾಗಕ್ಕೂ ನಾಟಿ ಎಷ್ಟು ದಿನ ತಡ ಎಂಬುದು. ಇದು ನೀರು ತಲುಪಿದ ದಿನಕ್ಕೆ ಬಹಳ ಹತ್ತಿರದ ಸಾಕ್ಷಿ, ಯಾರ ಬಾಯಿಮಾತೂ ಬೇಕಾಗಿಲ್ಲ. ಎರಡು, ನಾಟಿಯಾಗಿ 55–65ನೇ ದಿನ ಗೆರೆ ಮುಟ್ಟಿದ ಎತ್ತರ ಮತ್ತು ಅಲ್ಲಿಂದ ಇಳಿದ ವೇಗ. ಹೊಡೆ, ತೆನೆ, ಹಾಲುಗಾಳಿನ ಹಂತದಲ್ಲಿ ನೀರು ತಪ್ಪಿದ ಪೈರಿನ ಗೆರೆ ಮಾಗುವ ಮೊದಲೇ ದಿಢೀರನೆ ಕುಸಿಯುತ್ತದೆ. ನೀವು ಹೇಳುವ ‘ಹೊಡೆಗೆ ಬರುವಾಗ ನೀರು ನಿಂತಿತು’ ಎಂಬ ನೋವು ಗೆರೆಯಲ್ಲಿ ಕಾಣುವುದು ಈ ರೂಪದಲ್ಲಿ.

ತಳಿಯನ್ನು ಮರೆಯಬೇಡಿ. ಐಆರ್-64 ಸುಮಾರು 115–120 ದಿನ, ಆರ್‌ಎನ್‌ಆರ್ 125 ದಿನ, ಸೋನಾ ಮಸೂರಿ 145 ದಿನದ ಮೇಲೆ. ಮೇಲ್ಭಾಗದಲ್ಲಿ ಒಂದು, ಕೊನೆಭಾಗದಲ್ಲಿ ಇನ್ನೊಂದು ತಳಿಯಿದ್ದರೆ ಗೆರೆಯ ಆಕಾರವೇ ಬದಲಾಗುತ್ತದೆ. ಕೃಷಿ ಇಲಾಖೆಯ ಬೆಳೆ ಸಮೀಕ್ಷೆಯ ಫೋಟೊಗಳನ್ನು ಬೆಳೆ ದರ್ಶಕ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಬಹುದು. ಬೆಳೆ ಯಾವುದು ಎಂಬುದಕ್ಕೆ ಅದು ಒಳ್ಳೆಯ ಆಧಾರ. ತಳಿಗೆ ಮಾತ್ರ ನೀವೇ ಓಡಾಡಿ ಕೇಳಬೇಕು.

ಇನ್ನೊಂದು ಕಾರಣವನ್ನೂ ಮೊದಲೇ ಪರೀಕ್ಷಿಸಿ. ಕೊನೆಭಾಗದ ತಗ್ಗು ಜಮೀನು ಸವಳಾಗಿದ್ದರೆ ನೀರು ಸಿಕ್ಕರೂ ಪೈರು ಏಳುವುದಿಲ್ಲ, ಚಿತ್ರದಲ್ಲಿ ಅದೂ ನೀರಿನ ಕೊರತೆಯಂತೆಯೇ ಕಾಣುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ವಿದ್ಯುತ್ ವಾಹಕತೆ, ಎಂದರೆ ಇಸಿ ಎಷ್ಟಿದೆ ನೋಡಿ. ನೀರಿನಲ್ಲಿ ಪೂರ್ತಿ ನೆನೆಸಿದ ಮಣ್ಣಿನ ಸಾರದಲ್ಲಿ ಅದು ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯಲು ಶುರುವಾಗುತ್ತದೆ. ಅಂಥ ಗದ್ದೆಗಳನ್ನು ಹೋಲಿಕೆಯಿಂದ ತೆಗೆದುಬಿಡಿ.

ಸಂಘವೇ ಮಾಡಬಹುದಾದ ಕೆಲಸ

ಕಂಪ್ಯೂಟರ್ ಬಲ್ಲ ಒಬ್ಬ ಡಿಗ್ರಿ ಹುಡುಗ ಅಥವಾ ಹುಡುಗಿ ಊರಲ್ಲಿದ್ದರೆ ಮೊದಲ ಹಂತಕ್ಕೆ ಹಣ ಬೇಡ. ಮೊದಲು ಉಪನಾಲೆಯ ತೂಬುಗಳನ್ನು ಮೊಬೈಲಿನಲ್ಲಿ ಗುರುತು ಮಾಡಿಕೊಳ್ಳಿ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಚ್ಚುಕಟ್ಟಿನ ಸರ್ವೆ ನಂಬರುಗಳ ಪಟ್ಟಿ ನೀರಾವರಿ ನಿಗಮದ ಉಪವಿಭಾಗದಲ್ಲಿರುತ್ತದೆ. ಉಪನಾಲೆಯನ್ನು ಉದ್ದಕ್ಕೆ ಮೂರು ಪಾಲು ಮಾಡಿ ಪ್ರತಿ ಪಾಲಿನಲ್ಲಿ ಕನಿಷ್ಠ 30 ಭತ್ತದ ಗದ್ದೆ ಆರಿಸಿ. ಆರಿಸುವಾಗ ಚೆನ್ನಾಗಿರುವುದನ್ನೋ ಕೆಟ್ಟದ್ದನ್ನೋ ಹುಡುಕಬೇಡಿ, ನಾಲೆಯ ಉದ್ದಕ್ಕೆ ಇಂತಿಷ್ಟು ಮೀಟರಿಗೊಂದು ಎಂದು ನಿಯಮ ಇಟ್ಟುಕೊಳ್ಳಿ. ಆ ನಿಯಮವನ್ನು ಬರೆದಿಡಿ, ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತ ಖಾತೆ ತೆರೆದು, ಸೆಂಟಿನೆಲ್-2ರ ‘ಎಲ್2ಎ’ ಚಿತ್ರಗಳನ್ನೇ ಆರಿಸಿ. ಇವುಗಳಲ್ಲಿ ವಾತಾವರಣದ ಮಬ್ಬನ್ನು ಸರಿಪಡಿಸಿರುತ್ತಾರೆ. ಗದ್ದೆಯ ಒಳಗೆ ಚೌಕಟ್ಟು ಎಳೆದರೆ ದಿನಾಂಕವಾರು ಸರಾಸರಿ ಎನ್‌ಡಿವಿಐ ಸಿಗುತ್ತದೆ, ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ತೊಂಬತ್ತು ಗದ್ದೆಗೆ ಕೈಯಿಂದ ಮಾಡುವುದು ಬೇಸರದ ಕೆಲಸ. ಉಪಗ್ರಹ ಚಿತ್ರಗಳ ಲೆಕ್ಕವನ್ನು ಒಟ್ಟಿಗೆ ಹಾಕಿಕೊಡುವ ಗೂಗಲ್ ಅರ್ಥ್ ಎಂಜಿನ್ ಬಲ್ಲವರು ಸಿಕ್ಕರೆ ಒಂದು ದಿನದಲ್ಲಿ ಮುಗಿಯುತ್ತದೆ. ಗೂಗಲ್ ಮ್ಯಾಪಿನಲ್ಲಿ ಕಾಣುವ ಚಿತ್ರವನ್ನು ಮಾತ್ರ ಎಂದೂ ಸಾಕ್ಷಿಗೆ ಬಳಸಬೇಡಿ. ಅದು ಬೇರೆ ಬೇರೆ ದಿನದ ತುಂಡುಗಳ ಕೌದಿ, ಪಕ್ಕದ ಎರಡು ಗದ್ದೆಗೆ ಎರಡು ವರ್ಷದ ಅಂತರ ಇರಬಹುದು.

ಹಳೆಯ ವರ್ಷಗಳಿಗೆ ಹೋಲಿಸುವವರು ಒಂದು ಗುಂಡಿಯಿಂದ ಪಾರಾಗಬೇಕು. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಖ್ಯೆಗಳಿಗೆಲ್ಲ 1000 ಕೂಡಿಸಿ ಕೊಡಲು ಶುರುಮಾಡಿದರು. ಬಳಸುವವರು ಅದನ್ನು ಕಳೆಯಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ: ಅವಕೆಂಪು 4000, ಕೆಂಪು 500 ಇರುವ ಗದ್ದೆಯ ನಿಜವಾದ ಸೂಚ್ಯಂಕ 0.78. ಎರಡಕ್ಕೂ 1000 ಸೇರಿ 5000 ಮತ್ತು 1500 ಆದರೆ ಅದು 0.54. ಸೊಂಪಾದ ಬೆಳೆಯೂ 2022ರಿಂದ ಈಚೆಗೆ ಬಾಡಿದಂತೆ ಕಾಣುತ್ತದೆ. ಅರ್ಥ್ ಎಂಜಿನ್‌ನಲ್ಲಿ ‘ಹಾರ್ಮೊನೈಸ್ಡ್’ ಎಂಬ ಸಂಗ್ರಹವನ್ನೇ ಬಳಸಿದರೆ ಈ ತೊಂದರೆ ಇಲ್ಲ. ನಿಮಗೆ ವರದಿ ಮಾರಲು ಬಂದವರನ್ನು ಈ ಸಾವಿರದ ಬಗ್ಗೆ ಕೇಳಿ. ಉತ್ತರ ತಡವರಿಸಿದರೆ ಅವರ ಕೆಲಸ ಯಾವ ಮಟ್ಟದ್ದೆಂದು ತಿಳಿಯುತ್ತದೆ.

ಮೂರು ಪಾಲಿನ ಸರಾಸರಿಗಳು ಬಂದ ಮೇಲೆ, ಅವು ಎಷ್ಟು ಚದುರಿವೆ ಎಂದು ನೋಡಬೇಕು. ತೂಬುವಾರು ಸರಾಸರಿಗಳ ವ್ಯತ್ಯಯ ಗುಣಾಂಕ, ಎಂದರೆ ಚದುರುವಿಕೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಷನ್) ಸರಾಸರಿಯಿಂದ ಭಾಗಿಸಿದ್ದು, ಎಕ್ಸೆಲ್‌ನಲ್ಲಿ ಒಂದು ಸಾಲಿನ ಲೆಕ್ಕ. ನೀರಾವರಿ ಎಂಜಿನಿಯರುಗಳು ನೀರಿನ ಹಂಚಿಕೆಗೆ ಬಳಸುವ ಅಳತೆಗೋಲಿನಲ್ಲಿ ಇದು 0.10ರ ಒಳಗಿದ್ದರೆ ಸಮಪಾಲು, 0.25ರವರೆಗೆ ಸುಮಾರು, ಅದನ್ನು ಮೀರಿದರೆ ಹಂಚಿಕೆ ಕೆಟ್ಟಿದೆ ಎಂದು ಅರ್ಥ. ಈ ಮಿತಿಗಳು ನೀರಿನ ಪ್ರಮಾಣಕ್ಕೆ ಮಾಡಿದವು, ಹಸಿರಿಗಲ್ಲ. ಮೈತುಂಬಿದ ಭತ್ತದಲ್ಲಿ ಎನ್‌ಡಿವಿಐ ಒಂದು ಮಟ್ಟದ ಮೇಲೆ ಏರುವುದೇ ಇಲ್ಲ, ಹೀಗಾಗಿ ಹಸಿರಿನ ಸಣ್ಣ ವ್ಯತ್ಯಾಸದ ಹಿಂದೆ ನೀರಿನ ದೊಡ್ಡ ವ್ಯತ್ಯಾಸ ಅಡಗಿರಬಹುದು. ಬಾಷ್ಪವಿಸರ್ಜನೆಯ ಅಂದಾಜು ಸಿಕ್ಕರೆ ಗುಣಾಂಕವನ್ನು ಅದರ ಮೇಲೆ ತೆಗೆಯಿರಿ. ಆಗ ಇನ್ನೊಂದು ಸಂಖ್ಯೆಯೂ ಬರುತ್ತದೆ: ಬೆಳೆ ನಿಜವಾಗಿ ಬಿಟ್ಟ ನೀರನ್ನು, ಕೊರತೆಯಿಲ್ಲದಿದ್ದರೆ ಬಿಡಬಹುದಾಗಿದ್ದ ನೀರಿನಿಂದ ಭಾಗಿಸಿದ್ದು. ಅದು 0.8ಕ್ಕಿಂತ ಕೆಳಗಿಳಿದ ತೂಬುಗಳಿಗೆ ನೀರು ಸಾಲಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಒಂದೇ ವರ್ಷ ಸಾಲದು. 2023ರಂಥ ಬರದ ವರ್ಷ, ನಾಲೆಗೆ ಆನ್-ಆಫ್ ಮಾಡಿದ ವರ್ಷ, ಎಲ್ಲರಿಗೂ ಕೊರತೆಯೇ. ನಿಮ್ಮ ವಾದ ಗಟ್ಟಿಯಾಗುವುದು ಜಲಾಶಯ ತುಂಬಿದ ವರ್ಷದಲ್ಲೂ ಕೊನೆಭಾಗ ಹಿಂದುಳಿದಿತ್ತು ಎಂದು ತೋರಿಸಿದಾಗ. ಐದು ಬೇಸಿಗೆಯಾದರೂ ನೋಡಿ.

ನೀರಿನ ಲೆಕ್ಕ ಕೂಡಿಸುವುದು

ಗೇಜ್ ಪುಸ್ತಕವಿಲ್ಲದೆ ಇದೆಲ್ಲ ಅರ್ಧ ಕಥೆ. ಉಪನಾಲೆಯ ಬಾಯಲ್ಲಿ ದಿನವೂ ಎಷ್ಟು ಅಡಿ ನೀರು, ಎಷ್ಟು ಕ್ಯೂಸೆಕ್ ಎಂದು ಬರೆಯುವ ದಾಖಲೆ ಇರಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, ₹10 ಶುಲ್ಕ, 30 ದಿನದ ಗಡುವು. ‘ನೀರಿನ ವಿವರ ಕೊಡಿ’ ಎಂದು ಬರೆಯಬೇಡಿ. ಇಂಥ ಉಪನಾಲೆಯ ತಲೆಭಾಗದ ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ದೈನಂದಿನ ಗೇಜ್ ವಹಿಯ ನಕಲು, ಅಚ್ಚುಕಟ್ಟಿನ ಸರ್ವೆ ನಂಬರುಗಳ ಪಟ್ಟಿ, ಆ ಹಂಗಾಮಿಗೆ ನೀರಾವರಿ ಸಲಹಾ ಸಮಿತಿ ಕೈಗೊಂಡ ನಿರ್ಣಯ ಎಂದು ಹೆಸರಿಟ್ಟು ಕೇಳಿ.

ಒಂದು ಕ್ಯೂಸೆಕ್ ನೀರು 24 ಗಂಟೆ ಹರಿದರೆ 2,446 ಘನಮೀಟರ್. ಒಂದು ಎಕರೆಯ ಮೇಲೆ ನಿಲ್ಲಿಸಿದರೆ ಹತ್ತಿರ ಹತ್ತಿರ ಎರಡು ಅಡಿ. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು. ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಉಪನಾಲೆ ತೆಗೆದುಕೊಳ್ಳೋಣ: ತಲೆಯಲ್ಲಿ 40 ಕ್ಯೂಸೆಕ್, 100 ದಿನ ನಿರಂತರ. ಒಟ್ಟು ಸುಮಾರು 97.8 ಲಕ್ಷ ಘನಮೀಟರ್. ಉಪಗ್ರಹದ ಪ್ರಕಾರ ಭತ್ತ 1,800 ಎಕರೆ. ಭಾಗಿಸಿದರೆ ಪ್ರತಿ ಗದ್ದೆಯ ಮೇಲೆ 1,343 ಮಿ.ಮೀ. ಬಂದಂತಾಯಿತು. ಬೆಳೆ ಬೆವರಿದ್ದು ಹಂಗಾಮಿಗೆ 600 ಮಿ.ಮೀ. ಎಂದಿಟ್ಟುಕೊಳ್ಳಿ. 600ನ್ನು 1,343ರಿಂದ ಭಾಗಿಸಿದರೆ 0.45. ‘ಶೇ 55 ನೀರು ಪೋಲು’ ಎಂದು ತಲೆಬರಹ ಬರೆಯುವವರಿದ್ದಾರೆ. ಅದು ಸರಿಯಲ್ಲ. ಕೆಸರು ಮಾಡಲು ಸುಮಾರು 200 ಮಿ.ಮೀ. ಬೇಕು. ನೀರು ನಿಂತ ಗದ್ದೆಯಲ್ಲಿ ದಿನಕ್ಕೆ 3 ಮಿ.ಮೀ. ಕೆಳಗಿಳಿದರೂ 110 ದಿನಕ್ಕೆ 330. ಮೂರೂ ಕೂಡಿ 1,130 ಮಿ.ಮೀ. ಲೆಕ್ಕಕ್ಕೆ ಸಿಗದೆ ಉಳಿದದ್ದು 213, ಎಂದರೆ ಶೇ 16. ನಾಲೆಯ ಸೋರಿಕೆ, ಅಚ್ಚುಕಟ್ಟಿನ ಹೊರಗೆ ಎತ್ತಿದ್ದು, ಹಳ್ಳಕ್ಕೆ ಹರಿದದ್ದು, ಗೇಜಿನ ತಪ್ಪು ಎಲ್ಲವೂ ಈ ಶೇ 16ರೊಳಗೆ ಇವೆ. ಇಳಿಯುವ ನೀರು 3ರ ಬದಲು 5 ಮಿ.ಮೀ. ಎಂದು ಹಿಡಿದರೆ ಆ ಉಳಿಕೆಯೇ ಮಾಯ. ಕಪ್ಪು ಜೇಡಿಗೂ ಕೆಂಪು ಮಣ್ಣಿಗೂ ಇಷ್ಟು ವ್ಯತ್ಯಾಸ ಸಹಜ. ಕಳ್ಳತನದ ಆರೋಪವನ್ನು ಉಪಗ್ರಹದ ಲೆಕ್ಕದ ಮೇಲೆ ನಿಲ್ಲಿಸಬೇಡಿ ಎನ್ನುವುದು ಇದಕ್ಕೇ.

ಹಳ್ಳಕ್ಕೆ ಹರಿದ ನೀರೂ ಎಲ್ಲ ನಷ್ಟವಲ್ಲ. ಮೇಲ್ಭಾಗದ ಗದ್ದೆಯ ಬಸಿ ನೀರನ್ನೇ ಕೆಳಗಿನವರು ಹಳ್ಳದಿಂದ ಎತ್ತಿ ಬಳಸುವುದು ಭದ್ರಾ ಅಚ್ಚುಕಟ್ಟಿನಲ್ಲಿ ಎಲ್ಲೆಡೆ ಇದೆ. ಉಪನಾಲೆಯ ಲೆಕ್ಕದಲ್ಲಿ ಅದು ಪೋಲು, ಕೆಳಗಿನ ಊರಿನ ಲೆಕ್ಕದಲ್ಲಿ ಬೆಳೆ.

ಇದಕ್ಕಿಂತ ನೇರವಾದ, ಅಗ್ಗದ ಅಳತೆ ನಿಮ್ಮ ಕೈಯಲ್ಲೇ ಇದೆ. ನಾಲೆಯ ನೇರವಾದ 10 ಮೀಟರ್ ಉದ್ದ ಆರಿಸಿ, ಒಣ ತೆಂಗಿನಕಾಯಿಯನ್ನೋ ಅರ್ಧ ನೀರು ತುಂಬಿದ ಬಾಟಲಿಯನ್ನೋ ತೇಲಿಬಿಟ್ಟು ಸಮಯ ನೋಡಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ 1.5 ಮೀಟರ್, ಸರಾಸರಿ ಆಳ 0.4 ಮೀಟರ್, 10 ಮೀಟರಿಗೆ 20 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 0.255 ಘನಮೀಟರ್, ಎಂದರೆ 9 ಕ್ಯೂಸೆಕ್. ಉಪನಾಲೆಯ ತಲೆ, ನಡು, ಕೊನೆ ಮೂರು ಕಡೆ ಒಂದೇ ದಿನ, ವಾರಕ್ಕೆರಡು ಸಲ, ನಾಲೆಯ ನೀರು ಬಿಡುವ ಸೌಡಿಯನ್ನೂ ಕರೆದುಕೊಂಡು ಮಾಡಿ, ವಹಿಯಲ್ಲಿ ಅವರ ಸಹಿ ಹಾಕಿಸಿ. ನೀರು ಎಲ್ಲಿ ಕರಗುತ್ತಿದೆ ಎಂಬುದನ್ನು ಯಾವ ಉಪಗ್ರಹಕ್ಕಿಂತಲೂ ಈ ವಹಿ ಚೆನ್ನಾಗಿ ಹೇಳುತ್ತದೆ.

ಅಡಿಕೆ ಮತ್ತು ಪಂಪ್‌ಸೆಟ್

ಅಡಿಕೆ ವರ್ಷವಿಡೀ ಹಸಿರು. ಭತ್ತ ಕೊಯ್ಲಾಗಿ ನಾಲೆ ನಿಂತ ಮೇಲೆ, ಮುಂಗಾರು ಮಳೆಗೆ ಮುಂಚೆ, ಮೇ ತಿಂಗಳ ಚಿತ್ರದಲ್ಲಿ ಹಸಿರಾಗಿ ಉಳಿದದ್ದೆಲ್ಲ ತೋಟ, ಕಬ್ಬು ಅಥವಾ ಬೋರ್‌ವೆಲ್ ಬೆಳೆ. ಪ್ರತಿ ವರ್ಷದ ಮೇ ಚಿತ್ರ ಜೋಡಿಸಿದರೆ ತೋಟ ಬೆಳೆದ ದಾರಿ ಕಾಣುತ್ತದೆ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚಿತ್ರಗಳು 1980ರ ದಶಕದಿಂದಲೂ ಸಿಗುವುದರಿಂದ ಬಹಳ ಹಿಂದಕ್ಕೂ ಹೋಗಬಹುದು. ಅಡಿಕೆಯನ್ನು ತೆಂಗಿನಿಂದ ಬೇರ್ಪಡಿಸುವುದು ಈ ಚಿತ್ರಗಳಲ್ಲಿ ನಂಬುವಂತಿಲ್ಲ. ಮೊದಲ ಮೂರು-ನಾಲ್ಕು ವರ್ಷದ ಎಳೆ ತೋಟ ನಡುವಿನ ಬೆಳೆಯಲ್ಲಿ ಮುಚ್ಚಿಹೋಗಿರುತ್ತದೆ, ಹೀಗಾಗಿ ನಿಮ್ಮ ಎಣಿಕೆ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಒಂದು ಮಾತು ಮನಸ್ಸಿನಲ್ಲಿರಲಿ: ನೀರು ನಿಲ್ಲಿಸಿದ ಭತ್ತಕ್ಕಿಂತ ಹನಿ ನೀರಾವರಿಯ ಅಡಿಕೆ ಎಕರೆಗೆ ಕಡಿಮೆ ನೀರಿನಲ್ಲಿ ಬೇಸಿಗೆ ಕಳೆಯಬಲ್ಲದು. ತೊಂದರೆ ಇರುವುದು ಅದಕ್ಕೆ ಸರದಿಯ ಕಟ್ಟಿಲ್ಲದೆ ನಾಲೆ ಹರಿಯುವಾಗೆಲ್ಲ ನೀರೆತ್ತುವುದರಲ್ಲಿ, ಮತ್ತು ಅಚ್ಚುಕಟ್ಟಿನ ಹೊರಗಿನ ಜಮೀನಿಗೆ ಒಯ್ಯುವುದರಲ್ಲಿ.

ಪಂಪ್‌ಸೆಟ್ ಮತ್ತು ಪೈಪು ಉಚಿತ ಚಿತ್ರಗಳಲ್ಲಿ ಕಾಣುವುದೇ ಇಲ್ಲ. ಅಚ್ಚುಕಟ್ಟಿನ ಗಡಿಯಾಚೆ ನಾಲೆಯ ಪಕ್ಕದಲ್ಲಿ ಬೇಸಿಗೆ ಹಸಿರು ಎಷ್ಟು ಎಂದು ಗುಂಪಾಗಿ ತೋರಿಸಬಹುದು, ಅಷ್ಟೇ. ಆ ತುಂಡುಗಳಿಗೆ ಹೋಗಿ ಜಂಟಿ ತಪಾಸಣೆ ಮಾಡಿ ಎಂದು ಕೇಳಲು ಅದು ಸಾಕು. ಕರ್ನಾಟಕ ನೀರಾವರಿ ಕಾಯ್ದೆ 1965ಕ್ಕೆ 2024ರಲ್ಲಿ ತಂದ ತಿದ್ದುಪಡಿ ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಹೆಚ್ಚಿಸಿದೆ. ಕ್ರಮ ಕೈಗೊಳ್ಳಬೇಕಾದವರು ಸ್ಥಳಕ್ಕೆ ಬಂದು ಮಹಜರು ಮಾಡಿದರೆ ಮಾತ್ರ ಅದಕ್ಕೆ ಬಲ. ಸರ್ವೆ ನಂಬರ್ ಹಾಕಿದ ಬಣ್ಣದ ನಕ್ಷೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ಹೋಗಬೇಡಿ. ಕಂದಾಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಹತ್ತಿಪ್ಪತ್ತು ಮೀಟರ್ ಜರುಗುವುದು ಸಾಮಾನ್ಯ, ಪಕ್ಕದವನ ತೋಟ ಇನ್ನೊಬ್ಬನ ಹೆಸರಿಗೆ ಬೀಳುತ್ತದೆ. ಒಂದೇ ನಾಲೆಯ ನೀರು ಕುಡಿಯುವ ಊರುಗಳ ನಡುವೆ ಅದು ಹೊತ್ತಿಸುವ ಜಗಳ ಬೇಗ ಆರುವುದಿಲ್ಲ.

ದುಡ್ಡು ಮತ್ತು ಕೋರ್ಟು

ನಿಮ್ಮ ಮುಂದೆ ಮೂರು ದಾರಿ ಇವೆ. ಸಂಘವೇ ಮಾಡುವುದು ಅಗ್ಗ, ಆದರೆ ‘ನೀವೇ ಮಾಡಿದ ಲೆಕ್ಕ’ ಎಂದು ತಳ್ಳಿಹಾಕುವ ಅಪಾಯವಿದೆ. ಖಾಸಗಿಯವರಿಗೆ ಕೊಡುವುದಾದರೆ ಕರಾರಿನಲ್ಲೇ ಬರೆಸಿ: ಬಳಸಿದ ಪ್ರತಿ ಚಿತ್ರದ ದಿನಾಂಕ, ನೆಲದ ಮೇಲೆ ಪರೀಕ್ಷಿಸಿದ ಗದ್ದೆಗಳ ಪಟ್ಟಿ, ಬೆಳೆ ಗುರುತಿಸಿದ್ದರಲ್ಲಿ ಎಷ್ಟು ಸರಿ ಎಷ್ಟು ತಪ್ಪು ಎಂಬ ಕೋಷ್ಟಕ, ಮತ್ತು ಮೂಲ ದತ್ತಾಂಶ ಸಂಘಕ್ಕೆ ಸೇರಬೇಕು. ಇದಕ್ಕೆ ಒಪ್ಪದವರು ಬೇಡ. ಮೂರನೆಯದು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ನೀರಾವರಿ ಅಥವಾ ಮಣ್ಣು ವಿಭಾಗವನ್ನು, ಇಲ್ಲವೇ ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವನ್ನು ಭದ್ರಾ ಕಾಡಾ, ಎಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಮೂಲಕ ಕೇಳುವುದು. ನಿಧಾನ, ಆದರೆ ಆ ವರದಿಗೆ ಸಭೆಯಲ್ಲಿ ತೂಕ ಬೇರೆ. ನನ್ನ ಸಲಹೆ, ಈ ಬೇಸಿಗೆ ಮೊದಲನೆಯದನ್ನು ಮಾಡಿ, ಅದರ ಫಲಿತಾಂಶ ಹಿಡಿದು ಮೂರನೆಯದನ್ನು ಕೇಳಿ. ಬರಿಗೈಯಲ್ಲಿ ಕೇಳುವುದಕ್ಕೂ ತೊಂಬತ್ತು ಗದ್ದೆಯ ಗೆರೆ ಹಿಡಿದು ಕೇಳುವುದಕ್ಕೂ ವ್ಯತ್ಯಾಸವಿದೆ.

ಮುಂಗಾರು ಹಂಗಾಮಿಗೆ ಇದೇ ಕೆಲಸ ಮಾಡಲು ಹೊರಟರೆ ಮೋಡ ಬಿಡುವುದಿಲ್ಲ. ಆಗ ಮೋಡದ ಮೂಲಕವೂ ನೋಡುವ ಸೆಂಟಿನೆಲ್-1 ರೇಡಾರ್ ಬೇಕು. ನೀರು ನಿಂತ ಗದ್ದೆ ಅದರಲ್ಲಿ ಕಪ್ಪಾಗಿ ಕಂಡು, ಪೈರು ಬೆಳೆದಂತೆ ಬೆಳ್ಳಗಾಗುತ್ತದೆ. ನಾಟಿಯ ದಿನ ಹಿಡಿಯಲು ಅದು ಒಳ್ಳೆಯದು, ಬೆಳೆಯ ಬಾಡುವಿಕೆ ಹಿಡಿಯಲು ಅಷ್ಟಲ್ಲ. ಬೇಸಿಗೆಯಿಂದಲೇ ಶುರುಮಾಡಿ.

ಕೋರ್ಟಿನ ವಿಷಯ: ಉಪಗ್ರಹ ಚಿತ್ರ ವಿದ್ಯುನ್ಮಾನ ದಾಖಲೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದಕ್ಕೆ ಪ್ರಮಾಣಪತ್ರ ಬೇಕು. ಯಾವ ಕಂಪ್ಯೂಟರಿನಲ್ಲಿ, ಯಾವ ದಿನ, ಯಾವ ತಾಣದಿಂದ ಇಳಿಸಿಕೊಂಡಿರಿ ಎಂಬುದನ್ನು ಇವತ್ತಿನಿಂದಲೇ ಬರೆದಿಡಿ, ಮೂಲ ಕಡತಗಳನ್ನು ಅಳಿಸಬೇಡಿ. ವಕೀಲರ ಬಳಿ ಹೋಗುವ ಮುನ್ನ ನೀರಾವರಿ ಸಲಹಾ ಸಮಿತಿಯ ಸಭೆ ಇದೆ. ಬೇಸಿಗೆ ಬೆಳೆಯ ನೀರಿನ ತೀರ್ಮಾನ ಆಗುವುದು ಅಲ್ಲಿ. ಸಭೆಗೆ ಒಂದೇ ಹಾಳೆ ಒಯ್ಯಿರಿ: ಐದು ವರ್ಷದ ನಾಟಿ ದಿನಾಂಕ ಮೇಲ್ಭಾಗದಲ್ಲಿ ಇಷ್ಟು, ಕೊನೆಭಾಗದಲ್ಲಿ ಇಷ್ಟು, ಪಕ್ಕದಲ್ಲಿ ಗೇಜ್ ವಹಿಯ ಅಂಕಿ. ಕೇಳಬೇಕಾದದ್ದೂ ಅದರಿಂದಲೇ ಹೊರಡುತ್ತದೆ. ನೀರು ಬಿಟ್ಟ ಮೊದಲ ಎರಡು ವಾರ ಕೊನೆಯ ತೂಬುಗಳಿಂದ ಸರದಿ ಶುರುವಾಗಲಿ, ಇಲ್ಲವೇ ನಾಲೆ ನಿಲ್ಲಿಸುವ ದಿನವನ್ನು ಕೊನೆಭಾಗದ ನಾಟಿ ದಿನದಿಂದ ಎಣಿಸಲಿ.